ನೀವು, ನೀನು, ನೀನೇ

ಹೋದ ಮೇ ತಿಂಗಳು ಅರಕಲಗೂಡು ಸೀಮೆಯ ತಂಗಿಯ ಮನೆಗೆ ಹೋಗಿದ್ದೆ. ಕೃತ್ತಿಕೆ ಮಳೆ ಇನ್ನೂ ಹನಿದಿರಲಿಲ್ಲ. ಹೊಗೆಸೊಪ್ಪಿನ ಸಸಿ ಮಡಿಯಲ್ಲಿ ಬಲಿತು ನಾಟಿಗೆ ಕಾಯುತ್ತಿತ್ತು. ರಾತ್ರಿ ಮುದ್ದೆ ಉಂಡು ಜಗಲಿಯ ಮೇಲೆ ಕೂತಿದ್ದಾಗ ತಂಗಿಯ ಮಗ ಬಂದು ಪಕ್ಕದಲ್ಲಿ ಕೂತ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಫೋನು ಚಾಚಿದ.

"ದೊಡ್ಡಮ್ಮ, ನೀನು ಕನ್ನಡ ಪಾಠ ಮಾಡ್ದೋಳು. ಇಲ್ಲಿ ನನ್ ಬಗ್ಗೆ ನಾಕ್ ಸಾಲು ಬರ್ಕೊಡು. ಏನ್ ಬರೀಬೇಕು ಅಂತಾನೇ ಗೊತ್ತಾಯ್ತಿಲ್ಲ."

ಅವನಿಗೆ ಮೂವತ್ಮೂರು. ಬಿ.ಎ. ಮುಗಿಸಿ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದವನು 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದು ಇಲ್ಲೇ ಉಳಿದ. ಮೂರು ಎಕರೆ, ಹೊಗೆಸೊಪ್ಪು, ಶುಂಠಿ, ಎರಡು ಹಸು. ಐದು ವರ್ಷದಿಂದ ಹೆಣ್ಣು ನೋಡಿ ನೋಡಿ ತಂಗಿ ಸೋತಿದ್ದಾಳೆ. ಹೋದಲ್ಲೆಲ್ಲ ಕಾಫಿ ಕೊಟ್ಟು, ಮನೆ ತನಕ ಬಂದು ಜಮೀನು ನೋಡಿ, ಕೊನೆಗೆ "ಹುಡುಗಿ ಬೆಂಗಳೂರಲ್ಲಿರೋ ಹುಡುಗನೇ ಬೇಕು ಅಂತಾಳೆ" ಎಂದು ಹೇಳಿ ಕಳಿಸಿದ್ದಾರೆ. ಈಗ ಅವನು ಗೆಳೆಯನೊಬ್ಬನ ಮಾತು ಕೇಳಿ ಡೇಟಿಂಗ್ ಆ್ಯಪ್ ಹಾಕಿಕೊಂಡಿದ್ದ.

ಫೋನಿನ ಪರದೆಯಲ್ಲಿ ಒಂದು ಖಾಲಿ ಚೌಕ. ಅದರ ಮೇಲೆ "ನಿಮ್ಮ ಬಗ್ಗೆ" ಎಂಬ ಅರ್ಥದ ಒಂದು ಸಾಲು. ಹೊಳೆನರಸೀಪುರದಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿದ್ದೇನೆ. ಹಸುವಿನ ಬಗ್ಗೆ, ದಸರಾ ಬಗ್ಗೆ, ಹೇಮಾವತಿ ನದಿಯ ಬಗ್ಗೆ ಸಾವಿರಾರು ಮಕ್ಕಳಿಂದ ಪ್ರಬಂಧ ಬರೆಸಿದ್ದೇನೆ. ನಿನ್ನ ಬಗ್ಗೆ ಬರಿ ಎಂದು ಒಬ್ಬರಿಗೂ ಹೇಳಿದ ನೆನಪಿಲ್ಲ. ನನಗೂ ಯಾರೂ ಹೇಳಲಿಲ್ಲ. ನಮ್ಮನ್ನು ಬೇರೆಯವರು ಹೇಳುತ್ತಿದ್ದರು: ಇಂಥವರ ಮಗಳು, ಇಂಥ ಊರು, ಮನೆದೇವರು ಇಂಥದ್ದು, ಹತ್ತನೇ ಕ್ಲಾಸು ಪಾಸು, ಅಡುಗೆ ಬರುತ್ತದೆ, ಮೈಬಣ್ಣ ಎಣ್ಣೆಗೆಂಪು. ಅಷ್ಟರಲ್ಲಿ ನಾವು ಮುಗಿದುಹೋಗುತ್ತಿದ್ದೆವು.

ಅವನು ತಾನಾಗಿ ಬರೆದಿದ್ದ ಮೂರು ಪದ ಅಳಿಸಿಹಾಕಿದ್ದ. "ಸಿಂಪಲ್ ಹುಡುಗ, ಬಿಸಿನೆಸ್" ಎಂದಿತ್ತಂತೆ. ಬಿಸಿನೆಸ್ ಯಾಕೋ ಅಂದೆ. "ರೈತ ಅಂದ್ರೆ ಯಾರ್ ನೋಡ್ತಾರೆ ದೊಡ್ಡಮ್ಮ" ಅಂದ. ಆ ಮಾತಿನಲ್ಲಿ ಕೋಪ ಇರಲಿಲ್ಲ. ಮಳೆ ಬಂದಿಲ್ಲ ಅನ್ನುವ ಹಾಗೆ ಹೇಳಿದ. ನನಗೆ ಎದೆ ಹಿಂಡಿತು.

ಅವನೊಬ್ಬನ ಕಥೆಯಲ್ಲ ಇದು. 2022ರ ನವೆಂಬರಿನಲ್ಲಿ, ಚನ್ನರಾಯಪಟ್ಟಣದಿಂದ ಆಚೆ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ನಡೆದ ವಧು-ವರರ ಸಮಾವೇಶಕ್ಕೆ ಹತ್ತು ಸಾವಿರದಷ್ಟು ಗಂಡುಗಳು ಬಂದರೆಂದೂ ಹೆಣ್ಣುಗಳು ಕೆಲವು ನೂರು ಮಾತ್ರ ಎಂದೂ ಪತ್ರಿಕೆಗಳಲ್ಲಿ ಓದಿದೆವು. ಮರುವರ್ಷ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಅವಿವಾಹಿತ ಹುಡುಗರು ಪಾದಯಾತ್ರೆ ಹೊರಟರು, ಮದುವೆಯಾಗಲಿ ಎಂದು ಹರಸಿಕೊಂಡು. ಕೆಲವರು ನಕ್ಕರು. ನಗುವಂಥದ್ದು ಅದರಲ್ಲಿ ಏನಿತ್ತು? ಅದೇ ವರ್ಷದ ಕೊನೆಗೆ ಮಂಡ್ಯದ ಆಲೆಮನೆಯೊಂದರಲ್ಲಿ ಹೊಟ್ಟೆಯೊಳಗಿನ ಮಗು ಹೆಣ್ಣೋ ಗಂಡೋ ಎಂದು ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿತ್ತು. ಎರಡು ಸುದ್ದಿಯನ್ನೂ ಒಂದೇ ಪತ್ರಿಕೆ ಅಚ್ಚು ಹಾಕಿತು. ಎರಡನ್ನೂ ಜೋಡಿಸಿ ಓದಿದವರು ಎಷ್ಟು ಮಂದಿಯೋ.

ಹೆಣ್ಣು ಸಿಗದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಅದನ್ನು ನಾನು ಬಚ್ಚಿಡಲಾರೆ. ಬಸ್ಸು ಹತ್ತಿ ಹಾಸನಕ್ಕೆ, ಅಲ್ಲಿಂದ ಬೆಂಗಳೂರಿಗೆ ಹೋದ ಆ ಹುಡುಗಿಯರಿಗೆ ಓದು ಕಲಿಸಿದವಳು ನಾನೇ. ಅಮ್ಮನ ಹಾಗೆ ಹೊಗೆಸೊಪ್ಪು ಹದಮಾಡುವ ಬ್ಯಾರನ್ ಹೊಗೆಯಲ್ಲಿ ನಿಂತು ಎಲೆ ಪೋಣಿಸುವ ಬಾಳು ಬೇಡ ಎಂದು ಅವರು ಅಂದುಕೊಂಡರೆ ತಪ್ಪೇನು? ನನ್ನ ತಂಗಿಯ ಮಗನ ಒಂಟಿತನವೂ ನನ್ನ ವಿದ್ಯಾರ್ಥಿನಿಯರ ಬಿಡುಗಡೆಯೂ ಒಂದೇ ಹಗ್ಗದ ಎರಡು ತುದಿ. ಯಾವ ತುದಿಯನ್ನೂ ನಾನು ಕೈಬಿಡಲಾರೆ.

ಅದಕ್ಕೇ ಅವನಿಗೆ ಹೇಳಿದೆ, ರೈತ ಅಂತಲೇ ಬರಿ. ಊರಲ್ಲೇ ಇರ್ತೀನಿ ಅಂತಲೂ ಬರಿ. ಬೇಡ ಅನ್ನುವವರು ಇವತ್ತೇ ಬೇಡ ಅನ್ನಲಿ, ಇಬ್ಬರಿಗೂ ಒಳ್ಳೆಯದು. ಆಮೇಲೆ ಕೇಳಿದೆ: ಇವತ್ತು ಬೆಳಗ್ಗೆಯಿಂದ ಏನು ಮಾಡಿದೆ? ಐದಕ್ಕೆ ಎದ್ದು ಹಾಲು ಕರೆದು ಡೈರಿಗೆ ಹಾಕಿದೆ, ಸಸಿಗೆ ನೀರು ಹನಿಸಿದೆ, ಅಮ್ಮನಿಗೆ ಮಂಡಿ ನೋವು ಅಂತ ಬಸ್ಸಾರು ನಾನೇ ಮಾಡಿದೆ ಅಂದ. ಇದನ್ನೇ ಬರಿ ಅಂದೆ. ಅವನಿಗೆ ಆಶ್ಚರ್ಯ: "ಇದೆಲ್ಲ ಬರೀತಾರಾ?" ಬರೆದ. "ಬಸ್ಸಾರು ಮಾಡಕ್ಕೆ ಬರುತ್ತೆ" ಎಂಬ ಆ ಒಂದು ಸಾಲಿನಲ್ಲಿ ಒಂದು ಮನೆಯೇ ಇತ್ತು. ಆ ಮನೆಗೆ ಬರುವವಳು ಎಂಥ ಅಡುಗೆಮನೆಗೆ ಬರುತ್ತಾಳೆ ಎಂಬುದೂ ಇತ್ತು.

ಫೋಟೊ ಹಾಕುವಾಗ ನನಗೆ ನಲವತ್ತು ವರ್ಷದ ಹಿಂದಿನದು ನೆನಪಾಯಿತು. ಹಾಸನದ ಸ್ಟುಡಿಯೊದಲ್ಲಿ ಅತ್ತಿಗೆಯ ಸೀರೆ ಉಡಿಸಿ, ಪರದೆಯ ಮುಂದೆ ನಿಲ್ಲಿಸಿ ನನ್ನ ಫೋಟೊ ತೆಗೆಸಿದ್ದರು. ಜಾತಕದ ಜೊತೆ ಕವರಿನಲ್ಲಿ ಹಾಕಿ ಕಳಿಸಿದರು. ಒಪ್ಪಿಗೆಯಾಗದಿದ್ದರೆ ಫೋಟೊ ವಾಪಸ್ ಬರುತ್ತಿತ್ತು. ಬೇಡ ಎನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನನ್ನದು ಮೂರು ಸಲ ವಾಪಸ್ ಬಂತು. ಒಂದು ಸಲ ಮೂಲೆಯಲ್ಲಿ ಅರಿಶಿನದ ಬೆರಳ ಗುರುತಿತ್ತು. ಯಾರೋ ಒಬ್ಬ ತಾಯಿ ಅಡುಗೆಯ ನಡುವೆ ಕೈಗೆತ್ತಿಕೊಂಡು ನೋಡಿದ್ದಳು. ನೋವಾಗಲಿಲ್ಲ ಎನ್ನಲಾರೆ. ಆದರೆ ಆ ಗುರುತು ನೋಡಿ ಒಂದು ಸಮಾಧಾನವೂ ಆಗಿತ್ತು, ನನ್ನನ್ನು ನೋಡಿದ್ದಾರೆ ಎಂದು.

ಈಗ ಫೋಟೊ ವಾಪಸ್ ಬರುವುದಿಲ್ಲ. ನೋಡಿದರೋ ಇಲ್ಲವೋ ಅದೂ ತಿಳಿಯುವುದಿಲ್ಲ. ಎಲ್ಲಿಗೆ ಹೋಯಿತೋ ಅದಂತೂ ತಿಳಿಯುವುದೇ ಇಲ್ಲ. ನಮ್ಮ ಜಿಲ್ಲೆಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. 2024ರ ಏಪ್ರಿಲ್‌ನಲ್ಲಿ, ಲೋಕಸಭೆಯ ಮತದಾನಕ್ಕೆ ಮುಂಚಿನ ದಿನಗಳಲ್ಲಿ, ಹಾಸನದಲ್ಲಿ ಹೆಣ್ಣುಮಕ್ಕಳ ಖಾಸಗಿ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಹರಿದಾಡಿದವು. ಅವರ ಮುಖವನ್ನು ಮರೆಮಾಡುವಷ್ಟು ಕರುಣೆಯೂ ಅದನ್ನು ಹಂಚಿದವರಿಗೆ ಇರಲಿಲ್ಲ. ಎಷ್ಟೋ ಜನ ಅದನ್ನು ಒಬ್ಬರಿಂದೊಬ್ಬರಿಗೆ ದಾಟಿಸಿದರು. ಆ ತಿಂಗಳು ನಮ್ಮ ಬೀದಿಗಳಲ್ಲಿ ಹೆಂಗಸರು ತಲೆ ತಗ್ಗಿಸಿ ನಡೆದದ್ದನ್ನು ನಾನು ಕಂಡಿದ್ದೇನೆ. ತಲೆ ತಗ್ಗಿಸಬೇಕಾದವರು ಬೇರೆಯವರಿದ್ದರು.

ಹಾಗಾಗಿ ತಂಗಿಯ ಮಗನಿಗೆ ನಾನು ಗಟ್ಟಿಯಾಗಿ ಹೇಳಿದೆ. ನಿನ್ನ ಮುಖ ಚೆನ್ನಾಗಿ ಕಾಣುವ, ಈ ವರ್ಷದ್ದೇ ಫೋಟೊ ಹಾಕು. ಮನೆಯ ಬೋರ್ಡು, ಬೈಕಿನ ನಂಬರು, ಅಕ್ಕನ ಮಕ್ಕಳು ಅದರಲ್ಲಿ ಬೇಡ. ಯಾವ ಹುಡುಗಿಯ ಹತ್ತಿರವೂ ಖಾಸಗಿ ಫೋಟೊ ಕೇಳಬೇಡ. ತಾನಾಗಿ ಕಳಿಸಿದರೂ ಇಟ್ಟುಕೊಳ್ಳಬೇಡ. ನಿನ್ನ ಗೆಳೆಯನಿಗೂ ತೋರಿಸಬೇಡ. ನಂಬಿ ಕೊಟ್ಟದ್ದನ್ನು ವಾಪಸ್ ಕೊಡುವ ದಾರಿ ಇಲ್ಲದ ಮೇಲೆ ಈಸಿಕೊಳ್ಳದೇ ಇರುವುದೇ ಮರ್ಯಾದೆ. ಅವನು ತಲೆ ಎತ್ತದೆ "ಹೂಂ" ಅಂದ.

ಆಮೇಲೆ ಅವನು ಆ ಆಟ ತೋರಿಸಿದ. ಆಟ ಎಂದೇ ಅನ್ನಿಸುತ್ತದೆ. ಒಂದು ಮುಖ ಬರುತ್ತದೆ. ಬೆರಳಿನಲ್ಲಿ ಬಲಕ್ಕೆ ಸರಿಸಿದರೆ ಒಪ್ಪಿಗೆ, ಎಡಕ್ಕೆ ಸರಿಸಿದರೆ ಬೇಡ. ಅವರೂ ನಮ್ಮನ್ನು ಬಲಕ್ಕೆ ಸರಿಸಿದ್ದರೆ ಮಾತ್ರ ಮಾತಿನ ಬಾಗಿಲು ತೆರೆಯುತ್ತದೆ. 2012ರಲ್ಲಿ ಅಮೆರಿಕದಲ್ಲಿ ಶುರುವಾದ ಟಿಂಡರ್ ಈ ಎಡ-ಬಲವನ್ನು ಜಗತ್ತಿಗೆಲ್ಲ ಹಂಚಿತು. ನನಗೆ ಅದು ಹೊಸದೆನಿಸಲಿಲ್ಲ. ನಮ್ಮ ಕಡೆ ಒಂದು ಸಂಬಂಧ ಬಂದರೆ ದೇವರ ಮುಂದೆ ಹೂ ಕೇಳುತ್ತೇವೆ. ಬಲಗಡೆ ಹೂ ಬಿದ್ದರೆ ಅಪ್ಪಣೆಯಾಯಿತು, ಎಡಗಡೆ ಬಿದ್ದರೆ ಬೇಡ. ನನ್ನ ಅಮ್ಮ ನನ್ನ ಮದುವೆಗೆ ಮುಂಚೆ ಒಂದು ಗಂಟೆ ಕೈಮುಗಿದು ನಿಂತಿದ್ದಳಂತೆ, ಹೂವು ಬೀಳದೆ. ಆ ಒಂದು ಗಂಟೆಯಲ್ಲಿ ಅವಳು ಏನೇನು ಯೋಚಿಸಿರಬಹುದು! ಗಂಡಿನ ಮನೆ, ಅತ್ತೆಯ ಸ್ವಭಾವ, ಮಗಳ ಹಟ, ಕೊಡಬೇಕಾದ ವರೋಪಚಾರ. ಬಲ-ಎಡ ಎರಡು ಕಡೆಯೂ ಇದೆ. ನಡುವಿನ ಆ ಒಂದು ಗಂಟೆ ಫೋನಿನಲ್ಲಿಲ್ಲ.

ಅವನು ಅದನ್ನೇ ತನ್ನ ಮಾತಿನಲ್ಲಿ ಹೇಳಿದ. ರಾಮನಾಥಪುರದ ತಂಬಾಕು ಹರಾಜಿಗೆ ವರ್ಷವರ್ಷ ಬೇಲ್ ತೆಗೆದುಕೊಂಡು ಹೋಗುವವನು ಅವನು. "ಆರು ತಿಂಗ್ಳು ಬೆಳೆದ್ ಸೊಪ್ಪು ದೊಡ್ಡಮ್ಮ. ಅವ್ರು ನಡ್ಕೊಂಡು ಹೋಯ್ತಾ ಹೋಯ್ತಾ ಒಂದ್ ಎಲೆ ಎಳ್ದು ನೋಡಿ ಮುಂದಿನ್ ಬೇಲ್‌ಗೆ ಹೋಗ್ಬಿಡ್ತಾರೆ. ಇದ್ರಲ್ಲೂ ಹಂಗೇ ಅನ್ನಿಸ್ತದೆ." ಸ್ವಲ್ಪ ತಡೆದು, "ನಾನೂ ಹಂಗೇ ಮಾಡ್ತಿದೀನಿ" ಎಂದ. ಈ ಎರಡನೆಯ ಮಾತು ಅವನ ಬಾಯಿಂದ ತಾನಾಗಿ ಬಂದದ್ದಕ್ಕೆ ನನಗೆ ಅವನ ಮೇಲೆ ಹೆಮ್ಮೆಯಾಯಿತು. ದಿನಕ್ಕೆ ಐದು ಮುಖ ಸಾಕು, ಪೂರ್ತಿ ಓದು ಎಂದೆ. ಹಾಸನಾಂಬೆಯ ಗುಡಿಯಲ್ಲಿ ಅತ್ತೆಯ ಕಾಟಕ್ಕೆ ಕಲ್ಲಾದ ಸೊಸೆಯ ಕಥೆ ಹೇಳುತ್ತಾರಲ್ಲ, ಆ ಸೊಸೆಕಲ್ಲು ವರ್ಷವರ್ಷವೂ ಚೂರು ಚೂರೇ ದೇವಿಯ ಕಡೆ ಸರಿಯುತ್ತದೆ ಎಂದು ನಂಬುತ್ತೇವೆ. ಇನ್ನೊಬ್ಬರ ಹತ್ತಿರಕ್ಕೆ ಸರಿಯುವುದಕ್ಕೆ ನಮ್ಮ ಊರು ಕಟ್ಟಿಕೊಂಡ ಲೆಕ್ಕ ಅಷ್ಟು ನಿಧಾನದ್ದು.

ಹಾಸನದಲ್ಲಿ ಎಂಜಿನಿಯರಿಂಗ್ ಓದಿ ಅಲ್ಲೇ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಫೋನ್ ಮಾಡಿ ಕೇಳಿದೆ, ನಿಮ್ಮ ಕಡೆಯಿಂದ ಇದು ಹೇಗಿರುತ್ತೆ ಎಂದು. ಅವಳು ಬಿಚ್ಚಿ ಹೇಳಿದಳು. ಆ್ಯಪ್ ಹಾಕಿದ ಮೊದಲ ದಿನವೇ ನೂರಾರು ಗಂಡುಗಳು ಬಂದರಂತೆ. ಅರ್ಧಕ್ಕರ್ಧ ಜನ "ಹಾಯ್ ಡಿಯರ್" ಬಿಟ್ಟು ಬೇರೆ ಮಾತೇ ಆಡಲಿಲ್ಲ. ಮೂರನೇ ದಿನ ಸೋದರಮಾವನ ಗೆಳೆಯನ ಮುಖ ಬಂತು. ಹಾಸನದಿಂದ ನಲವತ್ತು ಕಿಲೊಮೀಟರ್ ಸುತ್ತು ಹಾಕಿದರೆ ಹೊಳೆನರಸೀಪುರವೂ ಅರಕಲಗೂಡೂ ಚನ್ನರಾಯಪಟ್ಟಣವೂ ಒಳಗೆ ಬಂದುಬಿಡುತ್ತವೆ. ಆ ಸುತ್ತಿನಲ್ಲಿ ಅಪರಿಚಿತರು ಯಾರಿದ್ದಾರೆ? ಅವಳು ಬೆಂಗಳೂರಿಗೆ ಹೋದಾಗ ಮಾತ್ರ ಆ್ಯಪ್ ತೆರೆಯುತ್ತಾಳೆ. ಯಾರಿಗೂ ಹೇಳಿಕೊಳ್ಳಲಾಗದವರ ಕಥೆ ಇನ್ನೂ ಕಷ್ಟದ್ದು. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸುವುದು ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿತು. ಆದರೆ ಸಣ್ಣ ಊರಿನ ಅಂಥ ಹುಡುಗನಿಗೆ "ನಾನೊಬ್ಬನೇ ಅಲ್ಲ" ಎಂದು ಮೊದಲು ಹೇಳುವುದು ಇಂಥ ಒಂದು ಪರದೆಯೇ. ಅದೇ ಪರದೆ ಅವನು ಎಷ್ಟು ದೂರದಲ್ಲಿದ್ದಾನೆ ಎಂದೂ ಬೇರೆಯವರಿಗೆ ತೋರಿಸಿದರೆ ಅದು ಅಪಾಯ. ದೂರ ತೋರಿಸುವ ಆಯ್ಕೆಯನ್ನು ಮುಚ್ಚಿಡುವುದನ್ನು ಅವರು ಮೊದಲು ಕಲಿಯಬೇಕು.

ಕೇಳುವವರು ಯಾರು, ಕೇಳಿಸಿಕೊಳ್ಳುವವರು ಯಾರು ಎಂಬುದರ ಬಗ್ಗೆ ಗಣಿತದಲ್ಲಿ ಒಂದು ಸೊಗಸಾದ ಮಾತಿದೆ. 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲೆ ಎಂಬ ಇಬ್ಬರು ಗಣಿತಜ್ಞರು ಇಷ್ಟು ಗಂಡು ಇಷ್ಟು ಹೆಣ್ಣುಗಳನ್ನು ತಮ್ಮ ತಮ್ಮ ಜೋಡಿಯನ್ನು ಬಿಟ್ಟು ಒಬ್ಬರನ್ನೊಬ್ಬರು ಬಯಸುವ ಇಬ್ಬರು ಉಳಿಯದ ಹಾಗೆ ಜೋಡಿ ಮಾಡುವುದು ಹೇಗೆ ಎಂದು ತೋರಿಸಿಕೊಟ್ಟರು. ಶಾಪ್ಲೆಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. 2018ರಲ್ಲಿ ಹಿಂಜ್ ಎಂಬ ಆ್ಯಪ್ ತನ್ನ ಜೋಡಣೆಗೆ ಇದೇ ಸೂತ್ರವನ್ನು ಬಳಸತೊಡಗಿತು. ಆ ಸೂತ್ರದೊಳಗೆ ಅಡಗಿರುವ ಸತ್ಯವೊಂದು ನನ್ನನ್ನು ಕಾಡುತ್ತದೆ: ಯಾವ ಕಡೆಯವರು ಮುಂದೆ ಬಂದು ಕೇಳುತ್ತಾರೋ ಅವರಿಗೆ ಸಿಗಬಹುದಾದವರಲ್ಲಿ ಅತ್ಯುತ್ತಮ ಜೋಡಿ ಸಿಗುತ್ತದೆ. ಕೂತು ಕಾಯುವವರಿಗೆ ಉಳಿದದ್ದು. ನಮ್ಮಲ್ಲಿ ಗಂಡಿನ ಕಡೆಯವರು ಹೆಣ್ಣು ನೋಡಲು ಬರುತ್ತಿದ್ದರು. ನಾವು ಕಾಫಿ ಲೋಟ ಹಿಡಿದು ಕಾಯುತ್ತಿದ್ದೆವು. ಶತಮಾನಗಳ ಕಾಲ ಆ ಲೆಕ್ಕ ಒಂದೇ ಕಡೆಗೆ ವಾಲಿತ್ತು. 2014ರಲ್ಲಿ ಶುರುವಾದ ಬಂಬಲ್, ಗಂಡು-ಹೆಣ್ಣಿನ ಜೋಡಿಯಲ್ಲಿ ಮೊದಲ ಮಾತು ಹೆಣ್ಣಿನದೇ ಆಗಬೇಕು ಎಂದು ನಿಯಮ ಮಾಡಿದಾಗ ಅದು ಎಷ್ಟು ದೊಡ್ಡ ತಿರುವು ಎಂದು ನನಗೆ ಈ ಗಣಿತ ತಿಳಿದ ಮೇಲೇ ಅರ್ಥವಾದದ್ದು.

ಬೆಂಗಳೂರಿನಲ್ಲಿ 2014ರಲ್ಲಿ ಹುಟ್ಟಿದ ಐಲ್ ಎಂಬ ಆ್ಯಪ್ 2021ರಲ್ಲಿ ಮಲಯಾಳಿಗಳಿಗಾಗಿ "ಅರಿಕೆ" ಎಂಬುದನ್ನು ತಂದಿತು. ಮಲಯಾಳದಲ್ಲಿ ಅದರ ಅರ್ಥ ಹತ್ತಿರ, ಪಕ್ಕದಲ್ಲಿ ಎಂದು. ಕನ್ನಡದ ಅರಿಕೆಯೇ ಬೇರೆ: ವಿನಯದಿಂದ ಮುಂದಿಡುವ ಮಾತು. ಎರಡು ನೆರೆಮನೆಯ ಭಾಷೆಗಳು ಒಂದೇ ಸದ್ದಿನಲ್ಲಿ ಎರಡು ಬೇರೆ ವಿಷಯ ಹೇಳುತ್ತವೆ. ಆದರೂ ಹತ್ತಿರ ಹೋಗಬೇಕಾದರೆ ಅರಿಕೆ ಮಾಡಿಕೊಳ್ಳಲೇಬೇಕಲ್ಲವೆ? ಅದೇ ಕಂಪನಿ ಆಮೇಲೆ ಕನ್ನಡಿಗರಿಗೆ ತಂದದ್ದಕ್ಕೆ "ನೀನೇ" ಎಂದು ಹೆಸರಿಟ್ಟಿತು. ಆ ಹೆಸರು ಕೇಳಿದ ದಿನದಿಂದ ನನ್ನ ತಲೆಯಲ್ಲಿ ವ್ಯಾಕರಣದ ಪಾಠವೊಂದು ತಿರುಗುತ್ತಲೇ ಇದೆ.

ನೀನು ಎನ್ನುವುದು ಸುಲಭದ ಪದವಲ್ಲ. ತಾಯಿಗೆ ನೀನು ಎನ್ನುತ್ತೇವೆ, ಹಾಸನಾಂಬೆಗೂ ನೀನು, ಮಗುವಿಗೂ ನೀನು, ಎತ್ತಿಗೂ ನೀನು. ಗುರುತಿಲ್ಲದವರಿಗೆ ನೀವು. ಇಂಗ್ಲಿಷಿನಲ್ಲಿ ಮಾತಾಡುವಾಗ ಈ ಗಡಿ ಕಾಣುವುದಿಲ್ಲ. ಅದಕ್ಕೇ ಹುಡುಗರು ಮೊದಲ ದಿನವೇ ಒಳಮನೆಗೆ ನುಗ್ಗಿದ ಹಾಗೆ ಬರೆಯುತ್ತಾರೆ. ಕನ್ನಡದಲ್ಲಿ ಬರೆದರೆ ಹೊಸ್ತಿಲು ಕಾಣುತ್ತದೆ. ನೀವು ಎಂದು ಶುರುಮಾಡು ಎಂದೆ ಅವನಿಗೆ. ಯಾವತ್ತು ನೀನು ಎನ್ನಬಹುದು ಎಂದು ಕೇಳಿದ. ಅವಳನ್ನೇ ಕೇಳು, ಇಲ್ಲವೇ ಅವಳು ಅನ್ನುವ ತನಕ ಕಾಯಿ. ಮತ್ತೆ ನೀನು ಎನ್ನುವುದಾದರೆ ಇಬ್ಬರೂ ಅನ್ನಿ.

ಇಬ್ಬರೂ ಎಂದು ಯಾಕೆ ಒತ್ತಿ ಹೇಳಿದೆ ಎಂದರೆ, ನನ್ನ ಗಂಡ ನನಗೆ ಮೊದಲ ರಾತ್ರಿಯಿಂದಲೇ ನೀನು ಅಂದರು. ನಾನು ಅವರು ಹೋಗುವವರೆಗೂ ನೀವು ಅಂದೆ, ಇಪ್ಪತ್ತೆಂಟು ವರ್ಷ. ಒಳ್ಳೆಯವರು. ಮದುವೆಗೆ ಮುಂಚೆ ಅವರನ್ನು ಹತ್ತು ನಿಮಿಷ ನೋಡಿದ್ದೆ. ಕಾಯಿಲೆ ಬಿದ್ದಾಗ ಒಂದು ರಾತ್ರಿ ಕೈ ಹಿಡಿದು ನೀನು ಅನ್ನಬೇಕೆಂದು ಬಾಯಿಗೆ ಬಂದಿತ್ತು. ಬರಲಿಲ್ಲ. ನಮ್ಮ ಸೀಮೆಗೆ ಹತ್ತಿರದ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರು 1942ರಲ್ಲಿ "ಮೈಸೂರು ಮಲ್ಲಿಗೆ" ತಂದಾಗ, ಕೈಹಿಡಿದ ಹೆಂಡತಿಯನ್ನೇ ಪ್ರೇಯಸಿಯಾಗಿ ಕಾಣಬಹುದೆಂದು ಒಂದು ನಾಡೇ ಹಾಡಿಕೊಂಡಿತು. ನಮಗೆ ಪ್ರೀತಿ ಮದುವೆಯ ಆಚೆಗೆ ಶುರುವಾಗುತ್ತಿತ್ತು, ಶುರುವಾದರೆ. ಈ ಮಕ್ಕಳು ಅದನ್ನು ಈಚೆಗೇ ಹುಡುಕುತ್ತಿದ್ದಾರೆ. ಅವರು ಕೆಟ್ಟುಹೋದರು ಎಂದು ನಾನು ಅನ್ನಲಾರೆ.

ಕೇಡು ಬೇರೆ ಕಡೆಯಿಂದ ಬರುತ್ತದೆ. ಅದಕ್ಕೆ ಹೆಚ್ಚು ತತ್ವ ಬೇಡ, ಎಚ್ಚರ ಸಾಕು. ಒಂದೇ ವಾರಕ್ಕೆ ಪ್ರೀತಿ ಹೇಳಿ, ಉಡುಗೊರೆ ಕಸ್ಟಮ್ಸಿನಲ್ಲಿ ಸಿಕ್ಕಿಕೊಂಡಿದೆ ದುಡ್ಡು ಹಾಕು ಎನ್ನುವವರು, ರಾತ್ರಿ ವಿಡಿಯೊ ಕಾಲ್ ಮಾಡಿ ಅದನ್ನೇ ಚಿತ್ರೀಕರಿಸಿಕೊಂಡು ಬೆದರಿಸುವವರು ಇದ್ದಾರೆ. ದುಡ್ಡು ಹೋದರೆ ಆ ಗಳಿಗೆಯಲ್ಲೇ 1930ಕ್ಕೆ ಫೋನ್ ಮಾಡಬೇಕು. ನಾಚಿಕೆಯಿಂದ ತಡಮಾಡಿದಷ್ಟೂ ಅವರಿಗೆ ಲಾಭ. ಮೊದಲ ಭೇಟಿ ಜನ ಓಡಾಡುವ ಕಡೆ, ಹಗಲಲ್ಲಿ. ಗೊರೂರು ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚು ಎಷ್ಟೇ ಚೆಂದವಿರಲಿ, ಅಂಥ ಒಂಟಿ ಜಾಗ ಬೇಡ. ಹೋಗುವ ಮುಂಚೆ ಮನೆಯವರಲ್ಲಿ ಒಬ್ಬರಿಗಾದರೂ ಹೇಳಿರಬೇಕು. ಮದುವೆಯಾಗುತ್ತೇನೆ ಎಂದು ಸುಳ್ಳು ನಂಬಿಸಿ ದೇಹಸಂಬಂಧ ಬೆಳೆಸಿದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 69ನೇ ಕಲಮಿನಲ್ಲಿ ಹತ್ತು ವರ್ಷದವರೆಗೆ ಶಿಕ್ಷೆ ಇದೆ. ಅದನ್ನೂ ಹೇಳಿದೆ. ಶಿಕ್ಷೆಗೆ ಹೆದರಲಿ ಎಂದಲ್ಲ, ಮಾತು ಕೊಡುವುದು ಎಷ್ಟು ತೂಕದ್ದು ಎಂದು ತಿಳಿದಿರಲಿ ಎಂದು.

ಒಳಗಿನಿಂದ ತಂಗಿ ಕೇಳಿಸಿಕೊಳ್ಳುತ್ತಿದ್ದಳು. "ಅದ್ರಲ್ಲಿ ಬರೋರು ನಮ್ಮೋರಾ?" ಎಂದಳು. ಇಬ್ಬರೂ ಸುಮ್ಮನಾದೆವು. ಆ ಪ್ರಶ್ನೆಯಲ್ಲಿ ಜಾತಿ ಇದೆ ಎಂದು ನನಗೆ ಗೊತ್ತು, ಅವಳಿಗೂ ಗೊತ್ತು. ಆದರೆ ಅದರೊಳಗೆ ಒಂದು ಹೆದರಿಕೆಯೂ ಇದೆ: ನನ್ನ ಮುದಿಗಾಲಕ್ಕೆ ನನ್ನ ಮಾತು ಅರ್ಥವಾಗುವವಳು ಬರುತ್ತಾಳೋ ಇಲ್ಲವೋ. ಅವನು ಹೇಳಿದ, "ಬಂದ್ಮೇಲೆ ನಮ್ಮೋರೇ ಆಯ್ತಾರೆ ಬುಡವ್ವ." ತಂಗಿ ಉತ್ತರ ಕೊಡಲಿಲ್ಲ. ಪಾತ್ರೆಯ ಸದ್ದು ಮಾತ್ರ ಸ್ವಲ್ಪ ಮೆಲ್ಲಗಾಯಿತು.

ನಮ್ಮೋರು, ನಮ್ಮೋರೇ. ನೀನು, ನೀನೇ. ಅವಧಾರಣೆಯ ಏಕಾರ ಎಂದು ತರಗತಿಯಲ್ಲಿ ಕಲಿಸುತ್ತಿದ್ದೆ. ಹಲವರಲ್ಲಿ ಒಬ್ಬರನ್ನು ಆರಿಸಿ, ಉಳಿದವರನ್ನೆಲ್ಲ ಬಿಟ್ಟು ಹೇಳುವ ಅಕ್ಷರ ಅದು. ಆ್ಯಪ್ ಸಾವಿರ ನೀನುಗಳನ್ನು ತಂದು ನಿಲ್ಲಿಸಬಲ್ಲದು. ಬ್ರೋಕರ್ ಹತ್ತು ತರುತ್ತಿದ್ದ, ಜಾತ್ರೆಯಲ್ಲಿ ಇಪ್ಪತ್ತು ಕಾಣುತ್ತಿದ್ದವು. ಎಣಿಕೆ ಅಷ್ಟೇ ಬೇರೆ. ಕೊನೆಯ ಆ ಏಕಾರವನ್ನು ಮಾತ್ರ ಯಾರೂ ತಂದುಕೊಡುವುದಿಲ್ಲ. ಅದು ಮೊದಲ ನೋಟಕ್ಕೆ ಅಂಟಿಕೊಂಡು ಬರುವುದೂ ಇಲ್ಲ. ಒಬ್ಬಳ ಜೊತೆ ಮಾತು ಗಟ್ಟಿಯಾದ ಮೇಲೂ ಬೆರಳು ಇನ್ನೊಂದು ಮುಖಕ್ಕೆ ಸರಿಯುತ್ತಲೇ ಇದ್ದರೆ ನೀನು ಎಂಬುದು ಬರೀ ನೀನು ಆಗಿ ಉಳಿಯುತ್ತದೆ. ನನ್ನ ಗಂಡ ನನಗೆ ಯಾವತ್ತು ನೀವೇ ಆದರು ಎಂದು ಹುಡುಕಿ ನೋಡಿದ್ದೇನೆ. ಮದುವೆಯ ದಿನವಲ್ಲ. ಮಗು ಹುಟ್ಟಿದ ದಿನವೂ ಅಲ್ಲ. ಬಹುಶಃ ಶಿಕ್ಷಕ ತರಬೇತಿಯ ನನ್ನ ಟಿ.ಸಿ.ಎಚ್. ಪರೀಕ್ಷೆಗೆ ಮುಂಚಿನ ಒಂದು ರಾತ್ರಿ, ಕರೆಂಟು ಹೋಗಿದ್ದಾಗ, ನಾನು ಓದಿ ಮುಗಿಸುವ ತನಕ ಅವರು ಲಾಟೀನು ಎತ್ತಿ ಹಿಡಿದು ಕೂತಿದ್ದರು. ಕೈ ಬದಲಿಸಿ ಬದಲಿಸಿ.

ಹನ್ನೊಂದು ಗಂಟೆಯಾಗಿತ್ತು. ಅವನು ಫೋನು ನೋಡಿ "ದೊಡ್ಡಮ್ಮ" ಅಂದ, ದನಿ ಬದಲಾಗಿತ್ತು. ಅವನು ಮೂರು ದಿನದ ಹಿಂದೆ ಬಲಕ್ಕೆ ಸರಿಸಿದ್ದ ಹುಡುಗಿಯೊಬ್ಬಳು ಈಗ ಅವನನ್ನು ಒಪ್ಪಿದ್ದಳು. ಚನ್ನರಾಯಪಟ್ಟಣದ ಕಡೆಯವಳು, ನರ್ಸು. ಬಸ್ಸಾರಿನ ಸಾಲಿನ ಮೇಲೆ ಮೆಚ್ಚುಗೆಯ ಗುರುತು ಒತ್ತಿದ್ದಳು. ಏನು ಬರೆಯಲಿ ಎಂದು ಕೇಳಿದ. ನಾನು ಹೇಳಲಿಲ್ಲ. ಬಹಳ ಹೊತ್ತು ಬರೆದ, ಅಳಿಸಿದ, ಬರೆದ. ಕೊನೆಗೆ ತೋರಿಸಿದ.

"ನಮಸ್ಕಾರ. ನಿಮ್ಮ ಕಡೆ ಮಳೆ ಬಂತಾ?"

ಕಳಿಸು ಎಂದೆ. ಕಳಿಸಿ, ಫೋನನ್ನು ಜಗಲಿಯ ಮೇಲೆ ಬೋರಲು ಹಾಕಿ, ಸಸಿಮಡಿಯ ಕಡೆ ಟಾರ್ಚು ಹಿಡಿದು ಹೋದ. ಅವನು ವಾಪಸ್ ಬರುವಷ್ಟರಲ್ಲಿ ಫೋನು ಒಂದು ಸಲ ಮಿಣುಕಿತು. ನಾನು ತಿರುಗಿಸಿ ನೋಡಲಿಲ್ಲ. ಅದು ಅವನದು.